ಬರಿಗೈ

ಎಲ್ಲಿ ನೋಯುತ್ತದೆ ಎಂದು ರೋಗಿಯನ್ನು ಕೇಳುವ ಪದ್ಧತಿ ನಿಂತು ಹನ್ನೆರಡು ವರ್ಷಗಳಾಗಿದ್ದವು. ಫಿಸಿಯೋಥೆರಪಿಸ್ಟರು ಬೂದು ಕೈಗವಸು ತೊಟ್ಟು ಮುಟ್ಟಿದರೆ ಸಾಕು, ರೋಗಿಯ ನೋವು ಅವರ ಬೆರಳಿಗೇ ತಾಕುತ್ತಿತ್ತು. ಹಾಗಾಗಿ ಶಾಹೀನ್ ಬರಿಗೈಯಲ್ಲಿ ಬಂದು, "ಫಕೀರಪ್ಪನವರ, ಭುಜ ಎಲ್ಲಿ ನೋಯ್ತದ?" ಎಂದಾಗ ನೂಲಿನ ಗಿರಣಿಯ ಫಕೀರಪ್ಪ ಮಂಚದ ಮೇಲೆ ಎದ್ದು ಕುಳಿತ.

"ಗ್ಲೌಸ್ ಕೆಟ್ಟಾವೇನ್ರಿ ಮೇಡಂ?"

"ಇಲ್ರಿ. ನಾನ ತಗದ ಇಟ್ಟೀನಿ."

"ಯಾಕ? ನನ್ನ ಬಾಯಿ ಬಿಡಸಂತ ಗಿರಣಿಯವ್ರು ಹೇಳ್ಯಾರೇನು?"

ಶಾಹೀನ್ ಸ್ಟೂಲ್ ಎಳೆದುಕೊಂಡು ಕುಳಿತಳು. "ಗ್ಲೌಸಿಗೆ ತಿಳಿದದ್ದೆಲ್ಲಾ ನಿಮ್ಮ ಗಿರಣಿಗೆ ಹೋಗ್ತದ. ನನಗ ಗೊತ್ತಾಗಿದ್ದು ನಿನ್ನೆ. ಹೋದ ವಾರ ಅದು ತಿಳೀದ ಗ್ಲೌಸ್ ಹಾಕ್ಕೊಂಡ ನಿಮ್ಮನ್ನ ಮುಟ್ಟೀನಿ. ತಪ್ಪಾತು."

ಕಳೆದ ತಿಂಗಳು ಗಿರಣಿ ಕೆಲಸದಿಂದ ತೆಗೆದ ಮೂವರೂ ಇದೇ ಮಂಚದ ಮೇಲೆ ಮಲಗಿದ್ದವರೆಂದು ಫಕೀರಪ್ಪನಿಗೆ ನೆನಪಾಯಿತು. ಆದರೂ ಗಿರಣಿಯ ಗುಟ್ಟನ್ನು ಇಷ್ಟು ಸಲೀಸಾಗಿ ಹೇಳುವವಳನ್ನು ನಂಬುವುದು ಹೇಗೆ?

"ನೋವೇನಿಲ್ರಿ," ಎಂದ.

"ಮುಟ್ಟಲೇನ್ರಿ?"

ಅವನು ಹೂಂ ಎಂದು ತಲೆಯಾಡಿಸಿದ. ಅವಳ ಹೆಬ್ಬೆರಳು ಭುಜದ ಹಿಂಬದಿಗೆ ತಾಕುತ್ತಿದ್ದಂತೆ ಅವನ ಕುತ್ತಿಗೆಯ ನರ ಸೆಟೆಯಿತು. ಅವಳು ತಟ್ಟನೆ ಕೈ ತೆಗೆದಳು.

"ನೀವು ಹೇಳೂತನಕ ನಾ ಒತ್ತಂಗಿಲ್ಲ."

ಗೋಡೆಯ ಗಡಿಯಾರ ನೋಡದೆ ಅವಳು ಕಾದಳು. ಫಕೀರಪ್ಪ ಮೇಜಿನ ಕಡೆ ನೋಡಿದ. ಅರ್ಧ ತೆರೆದ ಡ್ರಾಯರಿನೊಳಗೆ ಆ ಬೂದು ಬೆರಳುಗಳು ಅವನತ್ತಲೇ ಚಾಚಿಕೊಂಡಿದ್ದವು.

"ಮೊದಲ ಆ ಡ್ರಾಯರ್ ಮುಚ್ರಿ," ಎಂದ. "ಆಮ್ಯಾಲ ಹೇಳ್ತೀನಿ."