ವೈದ್ಯರ ಕೈ

“ಕೈ ಇಳಿಸಿ ಡಾಕ್ಟರೇ, ನೋಡೋಕಾಗಲ್ಲ,” ಎಂದರು ಸರ್ಕಾರದ ಕಾರ್ಯದರ್ಶಿ.

ಗುರುಸ್ವಾಮಿ ಇಳಿಸಲಿಲ್ಲ. ಬಲಗೈಯಲ್ಲಿ ಹೆಬ್ಬೆರಳೂ ಕಿರುಬೆರಳೂ ಮಾತ್ರ ಉಳಿದಿದ್ದವು.

ಚಳ್ಳಕೆರೆಯ ಶೆಟ್ಟರ ಧರ್ಮಾಸ್ಪತ್ರೆಗೆ ಮೂಳೆ ತೋರಿಸುವ ಕಿರಣಯಂತ್ರ ಬಂದಾಗ ಅವರು ಅಲ್ಲಿನ ವೈದ್ಯರು. ಯಂತ್ರ ಸರಿಯಾಗಿ ನಡೆಯುತ್ತಿದೆಯೇ ಎಂದು ತಿಳಿಯಲು ಇದ್ದದ್ದು ಒಂದೇ ದಾರಿ. ದಿನಾ ಬೆಳಿಗ್ಗೆ ತಮ್ಮ ಕೈಯನ್ನೇ ಅದರ ಮುಂದೆ ಹಿಡಿಯಬೇಕು. ಮೂಳೆ ಸ್ಪಷ್ಟವಾಗಿ ಕಂಡರೆ ರೋಗಿಯನ್ನು ಕರೆಯಬೇಕು. ಮೊದಲು ಚರ್ಮ ಕೆಂಪಾಯಿತು. ಆಮೇಲೆ ಮಾಯದ ಹುಣ್ಣು. ಕೊನೆಗೆ ಬೆರಳುಗಳನ್ನು ಕತ್ತರಿಸಬೇಕಾಯಿತು.

೧೯೧೨ರ ಆ ಬೇಸಿಗೆಯಲ್ಲಿ ಕಿರಣ ವಿಜ್ಞಾನ ಸಂಘದವರು ಅವರನ್ನು ಬೆಂಗಳೂರಿಗೆ ಕರೆದೊಯ್ದಿದ್ದರು. ಕಿರಣ ತಡೆಯಲು ಯಂತ್ರಕ್ಕೆ ಸೀಸದ ಮರೆ ಬೇಕು, ಬೆಳಗಿನ ಪರೀಕ್ಷೆಗೆ ಸತ್ತವರ ಕೈಮೂಳೆ ಕೊಡಬೇಕು ಎಂಬುದು ಸಂಘದ ಬೇಡಿಕೆ.

“ಸೀಸ ಈ ವರ್ಷ ಆಗಲ್ಲ. ಸತ್ತವರ ಮೂಳೆ ಇಟ್ಟರೆ ಆಸ್ಪತ್ರೆಗೆ ಜನವೇ ಬರಲ್ಲ,” ಎಂದರು ಕಾರ್ಯದರ್ಶಿ. ಸ್ವಲ್ಪ ಯೋಚಿಸಿ, “ವೈದ್ಯರು ಕೈ ಇಡಕೂಡದು ಅಂತ ಹುಕುಂ ಮಾಡಿಸ್ತೀನಿ. ಸಾಕಲ್ಲ?”

ಗುರುಸ್ವಾಮಿ ಬಾಯಿ ತೆರೆದರು. ಸಂಘದ ಅಧ್ಯಕ್ಷ ಅಜ್ಜಪ್ಪನವರು ಅವರ ಮೊಣಕೈ ಅದುಮಿ, “ಇಷ್ಟಾದರೂ ಸಿಗಲಿ,” ಎಂದು ಪಿಸುಗುಟ್ಟಿದರು.

“ಹಾಗಾದರೆ ಇನ್ನು ಯಾರ ಕೈಯೂ ಹೋಗೋದಿಲ್ಲವಷ್ಟೆ?” ಎಂದು ಕೇಳಿದರು ಗುರುಸ್ವಾಮಿ.

“ನಿಮ್ಮವರದು ಯಾರದೂ ಹೋಗಲ್ಲ,” ಎಂದು ಕಾರ್ಯದರ್ಶಿ ಎದ್ದರು.

ಹುಕುಂ ಹೊರಟಿತು. ಗುರುಸ್ವಾಮಿ ಬಹಳ ಕಾಲದ ಮೇಲೆ ನೆಮ್ಮದಿಯಾಗಿ ನಿದ್ದೆ ಮಾಡಿದರು.

ಮಳೆಗಾಲ ಕಳೆದ ಮೇಲೆ ಒಂದು ಬೆಳಿಗ್ಗೆ ತಮ್ಮ ಹಳೆಯ ಆಸ್ಪತ್ರೆ ನೋಡಲು ಚಳ್ಳಕೆರೆಗೆ ಬಂದರು. ಜಗುಲಿಯ ಮೇಲೆ ಬುತ್ತಿಗಂಟು ಹಿಡಿದು ಕೂತಿದ್ದ ಹೆಂಗಸು ಥಟ್ಟನೆ ಎದ್ದು ಕಾಲಿಗೆ ಬಿದ್ದಳು. ಮೊಳಕಾಲ್ಮೂರಿನ ರೇಷ್ಮೆ ನೇಕಾರ ಚೌಡೇಶನ ಹೆಂಡತಿ ತಿಪ್ಪಕ್ಕ. ಹಿಂದೆ ಅವಳ ಮುರಿದ ಕಾಲನ್ನು ಕೂಡಿಸಿದ್ದು ಅವರೇ.

“ನಿಮ್ ಹೆಸ್ರು ಹೇಳ್ಕಂಡು ಉಣ್ತಾ ಇದೀವಿ ಸಾಮಿ. ನಮ್ಮೋರಿಗೆ ಇಲ್ಲೇ ಕೆಲ್ಸ ಆತು. ನಿಮ್ ಹುಕುಂ ಬಂದ್ಮೇಲೇನೇ.”

“ಮಗ್ಗ?”

“ನಿಲ್ಸಿಬಿಟ್ವಿ. ಹೊಟ್ಟೆಗಾಗದ ಮಗ್ಗ ಕಟ್ಕಂಡು ಏನ್ ಮಾಡೋದು? ಇಲ್ಲಾದ್ರೆ ಬೆಳಿಗ್ಗೆ ಒಂದ್ ಗಳಿಗೆ ಕೆಲ್ಸ, ಅದೂ ಕೂತ್ಕಂಡೇ. ಎಷ್ಟೋ ಜನ ಬಂದಿದ್ರು, ಕೈ ನೋಡಿ ಇವ್ರನ್ನೇ ಆರಿಸ್ಕಂಡ್ರು.”

ನೂಲಿನೆಳೆ ಹಿಡಿಯುವ ನಾಜೂಕಿನ ಕೈ. ಯಂತ್ರ ಒರೆಸಲು ಒಳ್ಳೆಯದೇ ಎಂದುಕೊಂಡರು ಗುರುಸ್ವಾಮಿ. ತಮ್ಮ ಬೆರಳು ಹೋಗಿದ್ದಕ್ಕೆ ಒಂದು ಮನೆಯ ಒಲೆಯಾದರೂ ಉರಿಯಿತಲ್ಲ.

ಮುಚ್ಚಿದ ಬಾಗಿಲಿನಾಚೆ ಯಂತ್ರ ಗುಂಯ್ ಎಂದು ಶುರುವಾಯಿತು.

“ಏನು ಕೆಲಸ ತಿಪ್ಪಕ್ಕ?”

“ಡಾಕ್ಟ್ರು ಅವ್ರ ಕೈ ಇಡಂಗಿಲ್ವಂತಲ್ಲ ಸಾಮಿ, ಅದ್ಕೇ ದಿನಾ ನಮ್ಮೋರ ಕೈ ಇಟ್ಟು ನೋಡ್ತಾರೆ.”