ನಾನೂರ ಹನ್ನೆರಡನೇ ಸಾಲು

"ನಾನೂರ ಹನ್ನೆರಡನೇ ಸಾಲು ಬೇಡ ಅಜ್ರಾ, ಡಿಲೀಟ್ ಮಾಡಿಬಿಡಿ," ಅಂದರು ಫಿಲ್ಮ್ ಕ್ಲಬ್ಬಿನ ಹರಿಶ್ಚಂದ್ರ. ಅಮೆರಿಕದ ಯೂನಿಯನ್ ಸಿಟಿಯ ಹಾಲಿನಲ್ಲಿ ಕನ್ನಡದ ಜನ ಆಗಲೇ ಕುರ್ಚಿ ಹಿಡಿಯುತ್ತಿದ್ದರು.

ಜರ್ಮನ್ ಸಿನಿಮಾ, ಮೂಲದಲ್ಲಿ ನಾಟಕ. ಇಡೀ ಕಥೆ ನಡೆಯುವುದು ಒಂದೇ ಕೋಣೆಯಲ್ಲಿ, ಒಂದು ಶವಪೆಟ್ಟಿಗೆಯ ಸುತ್ತ. ಎರಡು ವರ್ಷ ಕೂತು ಅದರ ಮಾತನ್ನೆಲ್ಲ ಕನ್ನಡಕ್ಕೆ ತಂದವಳು ಅಜ್ರಾ. ಲ್ಯಾಪ್‌ಟಾಪಿನ ಕೀಲಿ ಒತ್ತಿ ಪರದೆಯ ಕೆಳಗೆ ಒಂದೊಂದೇ ಸಾಲು ಮೂಡಿಸಬೇಕಾದವಳೂ ಅವಳೇ.

"ಅದೇ ಅಲ್ವಾ ಸರ್, ಸಿನಿಮಾದ ಜೀವ?"

"ಅಲ್ಲ ಮಾರಾಯ್ರೆ, ಗಂಡ ಸತ್ತವಳು ಆಡುವ ಮಾತಾ ಅದು? ಅಮ್ಮ ಎದುರಿಗೇ ಕೂತಿದ್ದಾರೆ. ಅಪ್ಪ ಹೋಗಿ ಇನ್ನೂ ವರ್ಷ ಆಗಿಲ್ಲ." ಮುಂದಿನ ಕುರ್ಚಿಯಲ್ಲಿ ಅವರ ತಾಯಿ ವೇದವತಿಯಮ್ಮ ಶಾಲು ಹೊದ್ದು ಕೂತಿದ್ದರು. ಹರಿಶ್ಚಂದ್ರ ದನಿ ತಗ್ಗಿಸಿದರು. "ಅಷ್ಟಕ್ಕೂ ನಿಮ್ಮದು ಸಂಜೆ ಕ್ಲಾಸಿನ ಜರ್ಮನ್. ತಪ್ಪೂ ಇರಬಹುದಲ್ಲ?"

ಅದು ನಾಟಿತು. ಆ ಸಾಲಿನ ಅರ್ಥವನ್ನು ಬರ್ಕ್ಲಿಯ ಜರ್ಮನ್ ಟೀಚರನ್ನು ಮೂರು ಸಲ ಕೇಳಿ ಬರೆದುಕೊಂಡಿದ್ದಳು. ಆದರೂ ಜೀವ ತಡೆಯದೆ, ಲ್ಯಾಪ್‌ಟಾಪನ್ನು ಅಲ್ಲೇ ಬಿಟ್ಟು, ನೋಟ್‌ಬುಕ್ ನೋಡಲು ಕಾರಿನ ತನಕ ಓಡಿದಳು. ತಪ್ಪಿರಲಿಲ್ಲ. ಅವಳು ವಾಪಸು ಬಂದು ಕೂರುವಷ್ಟರಲ್ಲಿ ದೀಪ ಆರಿತ್ತು.

ಒಂದು ಗಂಟೆ ಕಳೆಯಿತು. ಪರದೆಯ ಮೇಲೆ ಬಂಧುಬಳಗವೆಲ್ಲ ವಿಧವೆಯನ್ನು ಸುತ್ತಿಕೊಂಡು, ಅಳು, ನಾಲ್ಕು ಜನ ನೋಡುತ್ತಿದ್ದಾರೆ, ಅಳು ಎಂದು ಪೀಡಿಸುತ್ತಿತ್ತು. ಅವಳು ತಲೆಯೆತ್ತಿ ಜರ್ಮನ್‌ನಲ್ಲಿ ಏನೋ ಅಂದಳು. ಅಜ್ರಾ ಕೀಲಿ ಒತ್ತಿದಳು. ನಾನೂರ ಹನ್ನೆರಡನೇ ಸಾಲು ಇರಲಿಲ್ಲ; ಪರದೆಯ ಕೆಳಗೆ ಬರೀ ಕಪ್ಪು.

ತಿರುಗಿ ನೋಡಿದಳು. ಪಕ್ಕದಲ್ಲಿ ಹರಿಶ್ಚಂದ್ರ ಕೈಕಟ್ಟಿ ಕೂತಿದ್ದರು. "ಮುಂದಿನದು ಒತ್ತಿ," ಎಂದು ಪಿಸುಗುಟ್ಟಿದರು.

ಅಜ್ರಾ ಸಿನಿಮಾವನ್ನೇ ನಿಲ್ಲಿಸಿದಳು. ಎದ್ದು ನಿಂತಳು. ಹಾಲಿಗೆಲ್ಲ ಕೇಳುವಂತೆ ಗಟ್ಟಿಯಾಗಿ ಹೇಳಿದಳು.

"ಅವಳು ಹೇಳಿದ್ದು ಇಷ್ಟು: ನಲವತ್ತು ವರ್ಷ ಅತ್ತಾಯಿತು. ಇವತ್ತು ನನಗೆ ರಜೆ."

ಹರಿಶ್ಚಂದ್ರರ ಕೈ ಲ್ಯಾಪ್‌ಟಾಪಿನತ್ತ ಚಾಚಿತು. ಅಷ್ಟರಲ್ಲಿ ಮುಂದಿನ ಕುರ್ಚಿಯಿಂದ, ಕಂಪನಿ ನಾಟಕದ ಕಾಲದ ಹುರುಪಿನಲ್ಲಿ, ವೇದವತಿಯಮ್ಮ ಕೂಗಿದರು:

"ಒನ್ಸ್ ಮೋರ್!"