ನಲವತ್ತನೇ ಪುಟದ ಗುಂಡಿ

ನಲವತ್ತನೇ ಪುಟದ ಮೂಲೆಯಲ್ಲಿ ಪೆನ್ಸಿಲ್ಲಿನಲ್ಲಿ ಬರೆದ ಅಂಗಿಯ ಗುಂಡಿ ಇತ್ತು. ಪುಟ್ಟ ಸೊನ್ನೆ, ಒಳಗೆ ಎರಡು ಚುಕ್ಕಿ. ಅವಳದೇ ಗುರುತು.

ಟೈಲರಮ್ಮ ಪುಸ್ತಕ ಮುಚ್ಚಿದಳು, ಮತ್ತೆ ತೆರೆದಳು. ಗುಂಡಿ ಎಲ್ಲಿಗೂ ಹೋಗಿರಲಿಲ್ಲ.

ಚರ್ಚಿನ ಬೀರುವಿನಿಂದ ಕಾದಂಬರಿ ಒಯ್ಯುವ ಹೆಂಗಸರಿಗೆಲ್ಲ ಒಂದೊಂದು ಗುರುತು ಇತ್ತು. ಓದಿ ಮುಗಿಸಿದವರು ನಲವತ್ತನೇ ಪುಟದಲ್ಲಿ ಅದನ್ನು ಹಾಕಿಡುತ್ತಿದ್ದರು. ಇಲ್ಲದಿದ್ದರೆ ಓದಿದ್ದನ್ನೇ ಮತ್ತೆ ಹೊತ್ತು ತರುವ ಪಾಡು. ಪಾಪ, ಅವರದೇನೂ ತಪ್ಪಿಲ್ಲ. ಎಲ್ಲ ಮುಖಪುಟದಲ್ಲೂ ಗಾಳಿಗೆ ಕೂದಲು ಬಿಟ್ಟುಕೊಂಡು ನಿಂತ ಒಬ್ಬ ಹುಡುಗಿ, ದೂರದಲ್ಲೊಂದು ಒಂಟಿ ಮನೆ. ಒಳಗೆ ಕೊಲೆಗಡುಕ ಇರುತ್ತಾನೆ, ಆದರೆ ಒಂದು ಕೆಟ್ಟ ಮಾತೂ ಇರುವುದಿಲ್ಲ. ಪ್ರೀತಿಯೂ ಇರುತ್ತದೆ, ಮದುವೆಗೆ ಮುಂಚೆ ಕೈ ಹಿಡಿದರೆ ಅದೇ ಹೆಚ್ಚು. ಹುಡುಗಿಯನ್ನು ಕತ್ತಲೆಕೋಣೆಗೆ ತಳ್ಳಿ ಬೀಗ ಹಾಕುತ್ತಾರೆ, ಅವಳು ಪ್ರಾರ್ಥನೆ ಮಾಡುತ್ತಾಳೆ, ಕೊನೆಗೆ ಯಾರೋ ಬಂದು ಬಾಗಿಲು ತೆಗೆಯುತ್ತಾರೆ. ಶಾಲೆಯ ಸಮವಸ್ತ್ರ ಹೊಲಿದು ಹೊಲಿದು ಬೆನ್ನು ಸೋತ ಸಂಜೆಗಳಲ್ಲಿ, ಆ ಬಾಗಿಲು ತೆರೆಯುವ ಪುಟಕ್ಕಾಗಿ ಟೈಲರಮ್ಮ ಉಸಿರು ಬಿಗಿಹಿಡಿದು ಓದುತ್ತಿದ್ದಳು. ಅಷ್ಟು ಸುಖ ಅವಳಿಗೆ ಬೇರೆ ಯಾವುದರಲ್ಲೂ ಇರಲಿಲ್ಲ.

ಈ ಪುಸ್ತಕದ ಒಂದು ಸಾಲೂ ಅವಳಿಗೆ ನೆನಪಿರಲಿಲ್ಲ. ನಾಯಕಿ ನರ್ಸೋ ಟೀಚರೋ, ಅದೂ ಗೊತ್ತಿಲ್ಲ. ಒಂದೂವರೆ ತಿಂಗಳಲ್ಲಿ ಹೀಗೆ ಬಂದದ್ದು ಇದು ನಾಲ್ಕನೆಯದು.

ಪುಸ್ತಕ ಮಾತ್ರ ಆಗಿದ್ದರೆ ಹಾಳಾಗಿ ಹೋಗಲಿ ಅನ್ನಬಹುದಿತ್ತು. ಮೊನ್ನೆ ಬೆಳಿಗ್ಗೆ ಖಾಲಿ ಪಾತ್ರೆಯ ಕೆಳಗೆ ಗ್ಯಾಸ್ ಉರಿಯುತ್ತಲೇ ಇತ್ತು. ಬೀಗದಕೈ ಸಕ್ಕರೆ ಡಬ್ಬಿಯಲ್ಲಿ ಸಿಕ್ಕಿತು. ಅಲ್ಲಿ ಇಟ್ಟದ್ದು ಯಾವಾಗ? ಎಷ್ಟು ತಲೆ ಕೆರೆದುಕೊಂಡರೂ ಹೊಳೆಯಲಿಲ್ಲ. ಮನೆಯಲ್ಲಿ ಇರುವುದು ಇಬ್ಬರೇ. ಗಂಡ ಔಷಧಿ ಅಂಗಡಿಯವನು, ಮೂವತ್ತು ವರ್ಷದಲ್ಲಿ ಒಂದು ಮಾತ್ರೆ ಹೆಚ್ಚುಕಮ್ಮಿ ಮಾಡಿದವನಲ್ಲ. ಹಾಗಾದರೆ ಉಳಿದವರು ಯಾರು?

ಅವಳ ತಾಯಿಗೂ ಶುರುವಾದದ್ದು ಹೀಗೇ. ಕೊನೆಕೊನೆಗೆ ಮಗಳ ಮುಖ ನೋಡಿ, "ಯಾರಮ್ಮ ನೀನು?" ಅಂದಿದ್ದಳು. ಬೀದಿಗೆ ಹೋಗಿ ದಾರಿ ತಪ್ಪದಿರಲಿ ಎಂದು ಕೋಣೆಗೆ ಬೀಗ ಹಾಕಬೇಕಾಯಿತು. ಹಾಕಿದವಳು ಟೈಲರಮ್ಮನೇ. ಒಳಗಿನಿಂದ ಬಾಗಿಲು ಬಡಿಯುವ ಸದ್ದು ಅವಳ ಕಿವಿಯಿಂದ ಇನ್ನೂ ಹೋಗಿರಲಿಲ್ಲ.

ಊಟಕ್ಕೆ ಕೂತಾಗ ತಡೆಯಲಾರದೆ ಕೇಳಿದಳು. "ರೀ, ನಾನು ಈಚೆಗೆ ತುಂಬ ಮರೀತಿದೀನಾ?"

ಗಂಡ ತಟ್ಟೆಯಿಂದ ಮುಖ ಎತ್ತಲಿಲ್ಲ. "ವಯಸ್ಸಾದ್ಮೇಲೆ ಯಾರು ಮರೆಯಲ್ಲ ಹೇಳು. ಅದನ್ನೇ ದೊಡ್ಡದು ಮಾಡ್ಬೇಡ."

"ಒಂದ್ಸಲ ಡಾಕ್ಟರಿಗೆ ತೋರಿಸೋಣ್ವಾ?"

"ಬೇಡ." ಸ್ವಲ್ಪ ಗಡುಸಾಗಿಯೇ ಅಂದ. ಆಮೇಲೆ ಮೆತ್ತಗಾದ. "ಒಬ್ಬರು ಮರೆತ್ರೆ ಇನ್ನೊಬ್ಬರು ಇರ್ತೀವಲ್ಲ. ಅದಿರಲಿ, ನಿನ್ನ ಹುಡುಗಿ ಇನ್ನೂ ಕತ್ತಲೆಕೋಣೇಲೇ ಬಿದ್ದಿದಾಳಾ?"

ಮಾರನೆಯ ದಿನ ಮನೆ ತುಂಬ ಚೀಟಿಗಳು. ಒಲೆಯ ಹತ್ತಿರ 'ಗ್ಯಾಸ್ ಆರಿಸಬೇಕು'. ಬಾಗಿಲಿಗೆ 'ಬೀಗದಕೈ ಮೊಳೆಗೆ'. ಔಷಧಿ ಡಬ್ಬಿಗಳ ಮೇಲೆ ಬರೆಯುವಂಥ ಗಂಡನ ಪುಟಾಣಿ ಅಕ್ಷರ. ಅಂದರೆ ಅವನಿಗೂ ಗೊತ್ತಾಗಿದೆ, ಬಾಯಿ ಬಿಟ್ಟು ಹೇಳುತ್ತಿಲ್ಲ, ಅಷ್ಟೇ.

ಅವಳು ತನ್ನನ್ನು ತಾನೇ ಪರೀಕ್ಷೆಗೆ ಹಚ್ಚಿದಳು. ಆ ಪುಸ್ತಕವನ್ನು ಓದಿ ಮುಗಿಸಿ, ವಾರ ಬಿಟ್ಟು, ಹೊಲಿಗೆಯಂತ್ರ ತುಳಿಯುತ್ತ ಇಡೀ ಕಥೆಯನ್ನು ತನಗೇ ಹೇಳಿಕೊಂಡಳು. ಕೊಲೆ ಮಾಡಿದವನು ವಕೀಲ. ನಾಯಕಿಯ ನಾಯಿಗೆ ಎಡಗಾಲು ಕುಂಟು. ಒಂದೂ ತಪ್ಪಲಿಲ್ಲ. ಹೋದ ಜೀವ ಬಂದಂತಾಯಿತು. ಅವತ್ತೇ ಸಂಜೆ ಗಂಡ ಎಂದಿನಂತೆ ಅಂಗಡಿಯಿಂದ ಬರುವಾಗ ಪಕ್ಕದ ಚರ್ಚಿನಿಂದ ಇನ್ನೊಂದು ಪುಸ್ತಕ ತಂದ. ಅವಳು ನೇರ ನಲವತ್ತನೇ ಪುಟಕ್ಕೆ ಹೋದಳು.

ಗುಂಡಿ.

ಬೆಳಗಾದ ಮೇಲೆ ಯಂತ್ರದ ಮುಂದೆ ಕೂರಲಾಗಲಿಲ್ಲ. ಗಂಡ ಅಂಗಡಿಗೆ ಹೋದ ಮೇಲೆ ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡು ಚರ್ಚಿಗೆ ನಡೆದಳು. ಬೀರು ನೋಡಿಕೊಳ್ಳುವ ಟೀಚರ್ ನಿವೃತ್ತಿಯಾದ ಮೇಲೂ ಎಲ್ಲರಿಗೂ ಟೀಚರೇ. ಅವರ ಮುಂದೆ ಪುಟ ತೆರೆದಿಟ್ಟಳು.

"ಇದನ್ನ ನಾನು ಯಾವಾಗ ಓದ್ದೆ ಟೀಚರ್? ನಿಜ ಹೇಳಿ. ನನಗೆ ಏನೂ ನೆನಪಾಗ್ತಿಲ್ಲ."

ಟೀಚರ್ ಕನ್ನಡಕ ಸರಿಮಾಡಿಕೊಂಡರು. "ನೀವು ಓದಿರೋಕೆ ಸಾಧ್ಯಾನೇ ಇಲ್ಲ. ಇದು ಬಂದು ಮೂರೇ ವಾರ. ಅಷ್ಟರಲ್ಲಿ ಒಯ್ದಿರೋದು ಒಬ್ಬರೇ."

"ಯಾರು?"

ಟೀಚರಿಗೆ ನಗು ತಡೆಯಲಾಗಲಿಲ್ಲ. "ಹೇಳ್ಬೇಡಿ ಅಂತ ಮಾತು ತಗೊಂಡಿದಾರೆ. ಇರಲಿ, ನಿಮ್ಮ ಯಜಮಾನ್ರೇ. ಅಂಗಡೀಲಿ ಗಿರಾಕಿ ಇಲ್ದಾಗ ಕೌಂಟರ್ ಕೆಳಗಿಟ್ಕೊಂಡು ಓದ್ತಾರಂತೆ. ಇಷ್ಟು ವರ್ಷ ನಿಮ್ಮನ್ನ ಗೇಲಿ ಮಾಡಿದೋರಲ್ವಾ, ತಮ್ಮದೇ ಗುರುತು ಹಾಕೋಕೆ ನಾಚಿಕೆ. ನಿಮ್ಮ ಗುಂಡೀನೇ ಹಾಕ್ತಾರೆ."

ಟೈಲರಮ್ಮ ಬೆಂಚಿನ ಮೇಲೆ ಕುಸಿದು ಕೂತಳು. ನಗುವೂ ಅಳುವೂ ಒಟ್ಟಿಗೇ ಬಂದವು. ತನಗೇನೂ ಆಗಿಲ್ಲ. ತಲೆ ನೆಟ್ಟಗಿದೆ. ತನ್ನನ್ನು ಯಾರೂ ಯಾವ ಕೋಣೆಯಲ್ಲೂ ಕೂಡಿಹಾಕುವುದಿಲ್ಲ. "ಕಳ್ಳ," ಅಂದಳು ಕಣ್ಣೊರೆಸಿಕೊಳ್ಳುತ್ತ. "ಮನೆಗೆ ಬರಲಿ, ಮಾಡ್ತೀನಿ."

"ಅವರ ಹುಚ್ಚು ಅಂತಿಂಥದ್ದಲ್ಲ ಬಿಡಿ," ಟೀಚರ್ ಇನ್ನೂ ನಗುತ್ತಲೇ ಇದ್ದರು. "ನಿಮಗೆ ತರೋಕೆ ಮುಂಚೆ ಈ ಒಂದನ್ನೇ ಮೂರು ಸಲ ಒಯ್ದು ಓದಿದ್ರು. ಒಯ್ಯೋವಾಗೆಲ್ಲ ಅದೇ ಪ್ರಶ್ನೆ: 'ಟೀಚರ್, ಇದು ಹೊಸದಾ? ನಾನು ನೋಡೇ ಇಲ್ವಲ್ಲ' ಅಂತ."

ಮನೆಯ ಆ ಚೀಟಿಗಳನ್ನು ಅವನು ಬರೆದದ್ದು ಯಾರಿಗಾಗಿ? ಗೋಡೆ ಗಡಿಯಾರದಲ್ಲಿ ಹನ್ನೊಂದೂಕಾಲು. ಪಕ್ಕದ ಔಷಧಿ ಅಂಗಡಿ ತೆರೆದು ಆಗಲೇ ಎರಡು ಗಂಟೆಯಾಗಿತ್ತು.